ಚಾನೆಲ್ ಡ್ರೈನ್: ಬಚ್ಚಲುಮನೆಯಲ್ಲಿ 14 ತಿಂಗಳು ಬಳಸಿದ ಮೇಲೆ

ಮೂರು ಜನ ದಿನವೂ ಸ್ನಾನ ಮಾಡುವ ನಮ್ಮ ಬಚ್ಚಲುಮನೆಯಲ್ಲಿ ಶವರ್ ಕೆಳಗಿನ ನೆಲವನ್ನು ಪೂರ್ತಿ ಒಡೆಸಿ, ಮೂಲೆಯಲ್ಲಿದ್ದ ಚೌಕದ ಜಾಲಿಯನ್ನು ತೆಗೆಸಿ, ಗೋಡೆಯ ಬುಡಕ್ಕೆ ಹೊಂದಿಕೊಂಡಂತೆ 80 ಸೆಂಟಿಮೀಟರ್ ಉದ್ದದ ಸ್ಟೇನ್‌ಲೆಸ್ ಸ್ಟೀಲ್ ಚಾನೆಲ್ ಡ್ರೈನ್ (ನೀರನ್ನು ಹಿಡಿದು ಪೈಪಿಗೆ ಬಿಡುವ ಉದ್ದನೆಯ ಕಿರು ಕಾಲುವೆ) ಕೂರಿಸಿ ಈಗ 14 ತಿಂಗಳಾಗಿದೆ. ಹೊಸದರಲ್ಲಿ ಎಲ್ಲ ಡ್ರೈನ್‌ಗಳೂ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಕೂದಲು, ಸೋಪಿನ ಜಿಡ್ಡು, ಕೆಲವು ವಾರ ಬಳಸದೆ ಬಿಟ್ಟ ನಂತರದ ವಾಸನೆ ಇವೆಲ್ಲ ಬಂದು ಹೋದ ಮೇಲೆಯೇ ಅದರ ನಿಜವಾದ ಗುಣ ತಿಳಿಯುವುದರಿಂದ, ಬರೆಯಲು ಇಷ್ಟು ದಿನ ಕಾದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ಈ ಚಾನೆಲ್ ಒಳ್ಳೆಯದು, ಆದರೆ ಬಚ್ಚಲಿನಲ್ಲಿ ನಿಲ್ಲುತ್ತಿದ್ದ ನೀರನ್ನು ಹೋಗಿಸಿದ್ದು ಅದಲ್ಲ; ನೆಲಕ್ಕೆ ಒಂದೇ ದಿಕ್ಕಿನಲ್ಲಿ ಸರಿಯಾದ ವಾಟ (ಇಳಿಜಾರು) ಕೊಡಲು ಅದು ಅವಕಾಶ ಮಾಡಿಕೊಟ್ಟಿತು, ನೀರನ್ನು ಹೋಗಿಸಿದ್ದು ಆ ವಾಟ. ಈ ವ್ಯತ್ಯಾಸವನ್ನು ತಿಳಿಯದೆ ಚಾನೆಲ್ ಕೊಂಡವರು ನಿರಾಶರಾಗುತ್ತಾರೆ.

ಮೊದಲಿದ್ದ ಸ್ಥಿತಿಯನ್ನು ಹೇಳಬೇಕು. ಹಳೆಯ ನೆಲಕ್ಕೆ 60 ಸೆಂಟಿಮೀಟರ್ ಚೌಕದ ದೊಡ್ಡ ಟೈಲ್ಸ್ ಹಾಕಿದ್ದರು, ಮೂಲೆಯಲ್ಲಿ 10 ಸೆಂಟಿಮೀಟರ್ ಚೌಕದ ಜಾಲಿ ಇತ್ತು. ಸ್ನಾನ ಮುಗಿಸಿ ಅರ್ಧ ಗಂಟೆಯಾದರೂ ಬಾಗಿಲ ಕಡೆಯ ಅಂಚಿನಲ್ಲಿ ಅಂಗೈಯಗಲದ ಮೂರು ನಾಲ್ಕು ಕಡೆ ನೀರು ನಿಂತಿರುತ್ತಿತ್ತು. ಪ್ರತಿ ಸ್ನಾನದ ನಂತರವೂ ವೈಪರ್ ಹಿಡಿದು ನೀರನ್ನು ಜಾಲಿಯ ಕಡೆಗೆ ತಳ್ಳಬೇಕಿತ್ತು; ತಳ್ಳಿದ ನೀರಿನಲ್ಲಿ ಸ್ವಲ್ಪ ಮತ್ತೆ ಹಿಂದಕ್ಕೆ ಬರುತ್ತಿತ್ತು. ನೀರು ನಿಂತ ಜಾಗದ ಗ್ರೌಟ್ (ಟೈಲ್ಸ್ ನಡುವಿನ ಸಂದಿ ತುಂಬುವ ಗಾರೆ) ಗೆರೆಗಳಲ್ಲಿ ವಾರದೊಳಗೆ ನಸುಗೆಂಪು ಲೋಳೆ ಕಟ್ಟುತ್ತಿತ್ತು. ಸದಾ ಒದ್ದೆಯಿರುವ, ಸೋಪಿನ ಅಂಶ ಸಿಗುವ ಜಾಗದಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಅದು. ಎಷ್ಟು ಉಜ್ಜಿದರೂ ಒದ್ದೆ ಇರುವವರೆಗೆ ಮರಳಿ ಬರುತ್ತದೆ. ಒಂದು ಬೆಳಿಗ್ಗೆ ನಮ್ಮ ತಾಯಿಯವರು ಆ ಲೋಳೆಯ ಮೇಲೆ ಕಾಲಿಟ್ಟು ಜಾರಿದರು. ಗೋಡೆಯ ನಲ್ಲಿ ಕೈಗೆ ಸಿಕ್ಕಿದ್ದರಿಂದ ಬೀಳಲಿಲ್ಲ. ಅಂದೇ ನೆಲ ಒಡೆಸುವುದೆಂದು ತೀರ್ಮಾನಿಸಿದೆವು.

ಒಡೆಸುವ ಮುಂಚೆ ತಪ್ಪು ಎಲ್ಲಿದೆ ಎಂದು ತಿಳಿಯಲು ಉದ್ದನೆಯ ಮಟ್ಟಗೋಲು ಮತ್ತು ರಸಮಟ್ಟ ಹಿಡಿದು ಅಳೆದೆ. ಬಾಗಿಲ ಅಂಚಿನಿಂದ ಜಾಲಿಗೆ 110 ಸೆಂಟಿಮೀಟರ್ ದೂರ. ನೆಲ ಅಷ್ಟರಲ್ಲಿ 22 ಮಿಲಿಮೀಟರ್ ಇಳಿಯಬೇಕಿತ್ತು. ಮೊದಲ ಅರ್ಧದಲ್ಲಿ ಏನೂ ಇಳಿದಿರಲಿಲ್ಲ, ನಡುವೆ ಒಂದು ಟೈಲಿನ ಅಂಚು ಪಕ್ಕದ್ದಕ್ಕಿಂತ ಒಂದು ಮಿಲಿಮೀಟರ್ ಎತ್ತರ ನಿಂತಿತ್ತು, ಕೊನೆಯ ಒಂದು ಗೇಣಿನಲ್ಲಿ ಮಾತ್ರ ನೆಲ ತಟ್ಟೆಯಂತೆ ಕುಸಿದು ಜಾಲಿಯನ್ನು ಸೇರುತ್ತಿತ್ತು. ಅಂದರೆ ಜಾಲಿಯ ಸುತ್ತ ಬಿದ್ದ ನೀರಿಗೆ ಮಾತ್ರ ದಾರಿಯಿತ್ತು. ಒಂದು ಮಿಲಿಮೀಟರ್ ಎತ್ತರ ಕಣ್ಣಿಗೆ ಕಾಣುವುದಿಲ್ಲ, ಆದರೆ ತೆಳ್ಳಗೆ ಹರಡಿದ ನೀರಿಗೆ ಅದು ಅಣೆಕಟ್ಟಿನ ಹಾಗೆ. ನಿಮ್ಮ ಮನೆಯಲ್ಲಿ ಅಳೆಯುವ ಸಲಕರಣೆ ಇಲ್ಲದಿದ್ದರೆ ಒಣಗಿದ ನೆಲದ ಮೇಲೆ, ಬಾಗಿಲ ಕಡೆಯಿಂದ, ಒಂದು ಚೊಂಬು ನೀರನ್ನು ನಿಧಾನವಾಗಿ ಸುರಿದು ಹತ್ತು ನಿಮಿಷ ಬಿಟ್ಟು ಬಂದು ನೋಡಿದರೆ ಸಾಕು. ಎಲ್ಲೆಲ್ಲಿ ನೀರು ಉಳಿದಿದೆಯೋ ಅಲ್ಲೆಲ್ಲ ವಾಟ ತಪ್ಪಿದೆ.

ಇದಕ್ಕೆ ಮೇಸ್ತ್ರಿಯ ಕೈಯ ತಪ್ಪು ಅರ್ಧ ಕಾರಣವಾದರೆ, ಇನ್ನರ್ಧ ಕಾರಣ ಜಾಲಿಯ ಆಕಾರದಲ್ಲೇ ಇದೆ. ಒಂದು ಬಿಂದುವಿನಂಥ ಜಾಲಿಗೆ ಎಲ್ಲ ಕಡೆಯಿಂದ ನೀರು ಬರಬೇಕಾದರೆ ನೆಲ ಒಂದೇ ಸಮತಲವಾಗಿರಲು ಸಾಧ್ಯವಿಲ್ಲ. ಜಾಲಿ ನಡುವೆ ಇದ್ದರೆ ನಾಲ್ಕು ಇಳಿಜಾರುಗಳು, ಮೂಲೆಯಲ್ಲಿದ್ದರೆ ಕನಿಷ್ಠ ಎರಡು ಇಳಿಜಾರುಗಳು ಕೂಡಿ ಬರಬೇಕು. ದೊಡ್ಡ ಟೈಲ್ ಬಗ್ಗುವುದಿಲ್ಲ. ಹಾಗಾಗಿ ಇಳಿಜಾರುಗಳು ಕೂಡುವ ಗೆರೆಯಲ್ಲಿ ಅದನ್ನು ಓರೆಯಾಗಿ ಕತ್ತರಿಸಬೇಕು, ಇಲ್ಲವೇ 5 ಸೆಂಟಿಮೀಟರ್ ಚೌಕದ ಸಣ್ಣ ಮೊಸಾಯಿಕ್ ಟೈಲ್ಸ್ ಬಳಸಬೇಕು. ಎರಡೂ ಬೇಡವೆಂದಾಗ ಕೆಲಸದವರು ಹುಡುಕುವ ಸುಲಭದ ದಾರಿ, ನೆಲವನ್ನೆಲ್ಲ ಮಟ್ಟವಾಗಿ ಹಾಸಿ ಜಾಲಿಯ ಬಳಿಯ ಒಂದು ಟೈಲನ್ನು ಮಾತ್ರ ತಗ್ಗಿಸುವುದು. ನಮ್ಮಲ್ಲಿ ಆಗಿದ್ದೂ ಇದೇ. ಉದ್ದನೆಯ ಚಾನೆಲ್ಲಿನ ನಿಜವಾದ ಪ್ರಯೋಜನ ಇಲ್ಲಿದೆ: ಅದನ್ನು ಒಂದು ಗೋಡೆಯ ಉದ್ದಕ್ಕೂ ಇಟ್ಟರೆ ಇಡೀ ನೆಲ ಒಂದು ಹಲಗೆಯಂತೆ ಒಂದೇ ಕಡೆಗೆ ವಾಲಿದರೆ ಸಾಕು, ದೊಡ್ಡ ಟೈಲ್ಸ್ ಕತ್ತರಿಸದೆ ಕೂರುತ್ತವೆ, ಮತ್ತು ವಾಟ ಸರಿಯಿದೆಯೇ ಎಂದು ಒಂದು ಮಟ್ಟಗೋಲಿನಿಂದ ಯಾರು ಬೇಕಾದರೂ ಪರೀಕ್ಷಿಸಬಹುದು.

ವಾಟ ಎಷ್ಟಿರಬೇಕು ಎಂಬ ಬಗ್ಗೆ ನಮ್ಮ ಮೇಸ್ತ್ರಿಗೂ ನನಗೂ ಸ್ವಲ್ಪ ಚರ್ಚೆಯಾಯಿತು. ಒಂದು ಮೀಟರಿಗೆ 20 ಮಿಲಿಮೀಟರ್, ಅಂದರೆ ಶೇಕಡಾ 2, ಅಡಿಯ ಲೆಕ್ಕದಲ್ಲಿ ಒಂದು ಅಡಿಗೆ ಕಾಲು ಇಂಚು, ಎಂಬುದು ಶವರ್ ನೆಲಕ್ಕೆ ಬಹಳ ಕಡೆ ಒಪ್ಪಿಕೊಂಡಿರುವ ಅಳತೆ. ಶೇಕಡಾ 1ಕ್ಕಿಂತ ಕಡಿಮೆಯಾದರೆ ನೀರು ಹರಿಯುವುದಕ್ಕಿಂತ ಟೈಲ್ಸ್‌ಗೆ ಅಂಟಿಕೊಂಡು ನಿಲ್ಲುವುದೇ ಹೆಚ್ಚು. "ಅಷ್ಟು ವಾಟ ಕೊಟ್ಟರೆ ನಿಂತವರ ಕಾಲು ಜಾರುತ್ತೆ ಸಾರ್, ಅರ್ಧ ಸಾಕು" ಎಂದರು ಅವರು. ಅವರ ಆತಂಕ ಪ್ರಾಮಾಣಿಕವಾದದ್ದೇ. ವಾಟ ಮಿತಿಮೀರಿದರೆ ನಿಲ್ಲಲು ಹಿತವಾಗಿರುವುದಿಲ್ಲ. ಆದರೆ ಶೇಕಡಾ 2 ಎಂಬುದು ಕಾಲಿಗೆ ಹೆಚ್ಚುಕಡಿಮೆ ತಿಳಿಯದ ಇಳಿಜಾರು, ಜಾರುವುದು ಇಳಿಜಾರಿನಿಂದಲ್ಲ, ನಿಂತ ನೀರು ಕಟ್ಟಿಸುವ ಲೋಳೆಯಿಂದ, ಎಂದು ನಾನು ಪಟ್ಟು ಹಿಡಿದೆ. ಒಂದು ಟೈಲನ್ನು ಗಾರೆ ಇಲ್ಲದೆ, ಕೆಳಗೆ ತುಂಡು ಕಡ್ಡಿ ಕೊಟ್ಟು, ಅದೇ ವಾಟಕ್ಕೆ ಇಟ್ಟು ಅವರನ್ನೇ ಬರಿಗಾಲಿನಲ್ಲಿ ನಿಲ್ಲಿಸಿದ ಮೇಲೆ ಒಪ್ಪಿದರು. ನಮ್ಮ ಶವರ್ ಜಾಗ 90 ಸೆಂಟಿಮೀಟರ್ ಅಗಲ, 120 ಸೆಂಟಿಮೀಟರ್ ಉದ್ದವಿದೆ. ಹೀಗಾಗಿ ಬಾಗಿಲ ಕಡೆಯ ಅಂಚಿಗಿಂತ ಚಾನೆಲ್ 24 ಮಿಲಿಮೀಟರ್ ಕೆಳಗೆ ಬಂದಿದೆ.

ಆ 24 ಮಿಲಿಮೀಟರಿಗೆ ಇನ್ನೊಂದು ಅರ್ಥವೂ ಇದೆ. ಚಾನೆಲ್ ಎಂದಾದರೂ ಪೂರ್ತಿ ಕಟ್ಟಿಕೊಂಡರೆ, ನೀರು ಬಾಗಿಲ ಅಂಚನ್ನು ದಾಟುವ ಮುಂಚೆ ಆ ಇಳಿಜಾರಿನಲ್ಲಿ ಹಿಡಿಯುವುದು ಸುಮಾರು 13 ಲೀಟರ್ ಮಾತ್ರ. ನಮ್ಮ ಶವರ್ ನಿಮಿಷಕ್ಕೆ 11 ಲೀಟರ್ ಸುರಿಸುತ್ತದೆ ಎಂದು ಬಕೆಟ್ ಮತ್ತು ಗಡಿಯಾರ ಹಿಡಿದು ಅಳೆದಿದ್ದೇನೆ. ಅಂದರೆ ಎಚ್ಚೆತ್ತುಕೊಳ್ಳಲು ಸಿಗುವುದು ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ಕಣ್ಣು ಮುಚ್ಚಿ ತಲೆಗೆ ಸೋಪು ಹಚ್ಚಿಕೊಳ್ಳುವಾಗ ಒಂದು ನಿಮಿಷ ಹೋದದ್ದೇ ತಿಳಿಯುವುದಿಲ್ಲ. ಆದ್ದರಿಂದ ಡ್ರೈನಿನ ಹರಿವಿನ ಸಾಮರ್ಥ್ಯ ಶವರಿನ ಹರಿವಿಗಿಂತ ಧಾರಾಳವಾಗಿ ಹೆಚ್ಚಿರಬೇಕು. ಈ ಚಾನೆಲ್ಲಿಗೆ 50 ಮಿಲಿಮೀಟರ್ ಪೈಪ್ ಜೋಡಿಸಿದೆ. ತುಂಬಿದ 20 ಲೀಟರಿನ ಬಕೆಟ್ಟನ್ನು ಒಮ್ಮೆಗೇ ಚಾನೆಲ್ಲಿನ ಬಳಿ ಸುರಿದಾಗ ಎರಡು ಬೆರಳಗಲ ನೀರು ಏರಿ, 40 ಸೆಕೆಂಡಿನಲ್ಲಿ ಪೂರ್ತಿ ಇಳಿಯಿತು. ಇದು ನಿಮಿಷಕ್ಕೆ 30 ಲೀಟರ್ ಆಯಿತು. 14 ತಿಂಗಳ ನಂತರ, ಚಾನೆಲ್ಲಿನ ಒಳಗೆ ಕೂದಲು ಹಿಡಿಯುವ ಬುಟ್ಟಿಯನ್ನು ತೊಳೆದಿಟ್ಟು ಮತ್ತೆ ಅದೇ ಪರೀಕ್ಷೆ ಮಾಡಿದಾಗ 45 ಸೆಕೆಂಡ್ ಹಿಡಿಯಿತು. ತೊಳೆಯದೆ ಮೂರು ವಾರ ಬಿಟ್ಟು ಮಾಡಿದಾಗ ಮಾತ್ರ ಎರಡು ನಿಮಿಷ ದಾಟಿತು. ನಿಮ್ಮದು ಮಳೆಯಂತೆ ಸುರಿಯುವ ಅಗಲ ಶವರ್ ಆಗಿದ್ದರೆ ಮೊದಲು ಅದರ ಹರಿವನ್ನು ಬಕೆಟ್ಟಿನಿಂದ ಅಳೆದುಕೊಂಡು, ಆಮೇಲೆ ಡ್ರೈನ್ ಆರಿಸಿ.

ಇನ್ನು ವಸ್ತುವಿನ ಗುಣಮಟ್ಟ. ಪೆಟ್ಟಿಗೆಯ ಮೇಲೆ ಸ್ಟೀಲ್ 304 ಎಂದಿದೆ. ಸುಮಾರು ಶೇಕಡಾ 18 ಕ್ರೋಮಿಯಂ, ಶೇಕಡಾ 8 ನಿಕ್ಕಲ್ ಇರುವ ಸಾಮಾನ್ಯ ದರ್ಜೆ ಇದು. ಉಪ್ಪಿನಂಶ ಹೆಚ್ಚಿರುವ ನೀರಾದರೆ, ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಂ ಸೇರಿಸಿದ 316 ದರ್ಜೆ ಹೆಚ್ಚು ಬಾಳುತ್ತದೆ. ಮೇಲಿನ ಮುಚ್ಚಳದಲ್ಲಿ ಟೈಲಿನ ಪಟ್ಟಿಯನ್ನೇ ಅಂಟಿಸುವ ಬಗೆಯನ್ನು ಆರಿಸಿದ್ದರಿಂದ ಎರಡು ಕಡೆ ಬೆರಳು ತೂರದಷ್ಟು ಸಣ್ಣ ಸೀಳು ಮಾತ್ರ ಕಾಣುತ್ತದೆ. ಮುಚ್ಚಳ ಗಟ್ಟಿಯಾಗಿದೆ, ಮೇಲೆ ನಿಂತರೆ ಅಲುಗುವುದಿಲ್ಲ, ಸದ್ದು ಮಾಡುವುದಿಲ್ಲ. ನಾಲ್ಕು ಕಾಲುಗಳ ತಿರುಪಿನಿಂದ ಎತ್ತರ ಹೊಂದಿಸಬಹುದಾದ್ದರಿಂದ ಟೈಲ್ಸ್‌ಗಿಂತ ಒಂದು ಮಿಲಿಮೀಟರ್ ಕೆಳಗೆ ಕೂರಿಸಲು ಸುಲಭವಾಯಿತು. ಒಂದು ಕಹಿ ಅನುಭವ ಮಾತ್ರ ಉಳಿದಿದೆ: ಕೆಲಸ ಮುಗಿದ ದಿನ ಟೈಲ್ಸ್ ಮೇಲಿನ ಸಿಮೆಂಟ್ ಕಲೆ ತೆಗೆಯಲು ಕೆಲಸದವರೊಬ್ಬರು ಆ್ಯಸಿಡ್ ಬಳಿದು ಸರಿಯಾಗಿ ತೊಳೆಯದೆ ಹೋದರು, ಮರುದಿನ ಮುಚ್ಚಳದ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಕಂದು ಚುಕ್ಕೆಗಳು ಎದ್ದಿದ್ದವು. ಸ್ಟೀಲನ್ನು ತುಕ್ಕಿನಿಂದ ಕಾಯುವ ಕ್ರೋಮಿಯಂ ಆಕ್ಸೈಡಿನ ತೆಳು ಪೊರೆಯನ್ನು ಹೈಡ್ರೋಕ್ಲೋರಿಕ್ ಆ್ಯಸಿಡ್ ತಿಂದುಬಿಡುತ್ತದೆ. ಆ ಚುಕ್ಕೆಗಳು ಇಂದಿಗೂ ಪೂರ್ತಿ ಹೋಗಿಲ್ಲ. ಆ್ಯಸಿಡ್ ಬಳಸುವ ಮುಂಚೆ ಚಾನೆಲ್ಲಿನ ಮುಚ್ಚಳವನ್ನು ತೆಗೆದು ಹೊರಗಿಡಿ. ಒಳಗಿನ ಭಾಗಕ್ಕೆ ಟೇಪ್ ಅಂಟಿಸಿ ಮುಚ್ಚಿ. ಸಾಧ್ಯವಾದರೆ ಆ್ಯಸಿಡ್ಡೇ ಬೇಡವೆನ್ನಿ.

ಈ ಉತ್ಪನ್ನದಲ್ಲಿ ನನಗೆ ಅತಿ ಹೆಚ್ಚು ಅಸಮಾಧಾನ ತಂದಿರುವ ಭಾಗ ಟ್ರ್ಯಾಪ್. ಬಚ್ಚಲಿನ ಪೈಪಿನಿಂದ ದುರ್ವಾಸನೆ ಮೇಲೆ ಬಾರದಂತೆ ತಡೆಯುವುದು ಟ್ರ್ಯಾಪಿನ ಬಾಗಿದ ಜಾಗದಲ್ಲಿ ಸದಾ ನಿಂತಿರುವ ಒಂದಿಷ್ಟು ನೀರು. ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ತಯಾರಕರು 1775ರಲ್ಲಿ ಲಂಡನ್ನಿನಲ್ಲಿ ಶೌಚಾಲಯಕ್ಕಾಗಿ ಬಾಗಿದ ಪೈಪಿನ ಪೇಟೆಂಟ್ ಪಡೆದಂದಿನಿಂದ ಇಂದಿನವರೆಗೆ ಇದಕ್ಕಿಂತ ಸರಳವಾದ, ನಂಬಬಹುದಾದ ಉಪಾಯ ಬಂದಿಲ್ಲ. ಆ ನೀರಿನ ಆಳ 50 ಮಿಲಿಮೀಟರ್ ಇರಬೇಕೆಂಬುದು ಹೆಚ್ಚಿನ ಕಡೆ ನಡೆದುಬಂದ ಅಳತೆ. ಬೇರೆ ಕಡೆಯಿಂದ ಒಮ್ಮೆಗೇ ನೀರು ಹೋದಾಗ ಉಂಟಾಗುವ ಸೆಳೆತಕ್ಕೂ, ಬಳಸದ ದಿನಗಳಲ್ಲಿ ಆವಿಯಾಗುವುದಕ್ಕೂ ಅಷ್ಟು ಆಳ ತಡೆದುಕೊಳ್ಳುತ್ತದೆ. ತೆಳ್ಳಗಿನ ನೆಲದಲ್ಲಿ ಕೂರಲೆಂದು ಈ ಚಾನೆಲ್ಲಿನ ಒಟ್ಟು ಎತ್ತರವನ್ನು 85 ಮಿಲಿಮೀಟರಿಗೆ ಇಳಿಸಿದ್ದಾರೆ, ಅದಕ್ಕಾಗಿ ನೀರಿನ ಆಳವನ್ನು 30 ಮಿಲಿಮೀಟರಿಗೆ ಕಡಿತ ಮಾಡಿ, ಆ ಕೊರತೆ ತುಂಬಲು ಸಿಲಿಕೋನಿನ ತೆಳು ನಾಲಗೆಯೊಂದನ್ನು ಇಟ್ಟಿದ್ದಾರೆ. ನೀರು ಬಂದಾಗ ನಾಲಗೆ ತೆರೆಯುತ್ತದೆ, ನಿಂತಾಗ ಮುಚ್ಚಿಕೊಳ್ಳುತ್ತದೆ.

ಕಾಗದದ ಮೇಲೆ ಇದು ಚೆನ್ನಾಗಿದೆ. ಆದರೆ ಒಂದೇ ಒಂದು ಕೂದಲು ನಾಲಗೆಗೆ ಅಡ್ಡ ಸಿಕ್ಕಿದರೂ ಅದು ಪೂರ್ತಿ ಮುಚ್ಚುವುದಿಲ್ಲ. ಐದು ವಾರ ಮನೆಯಲ್ಲಿ ಯಾರೂ ಇಲ್ಲದೆ ಹಿಂತಿರುಗಿದಾಗ ಬಾಗಿಲು ತೆರೆದೊಡನೆ ಚರಂಡಿಯ ವಾಸನೆ ಮುಖಕ್ಕೆ ಹೊಡೆಯಿತು. ಮುಚ್ಚಳ ತೆಗೆದು, ಬುಟ್ಟಿ ಎತ್ತಿ, ಟಾರ್ಚ್ ಬಿಟ್ಟು ನೋಡಿದರೆ ಟ್ರ್ಯಾಪಿನ ಬಟ್ಟಲು ಒಣಗಿ ತಳದಲ್ಲಿ ಬಿಳಿ ಉಪ್ಪಿನ ಗೆರೆ ಮಾತ್ರ ಉಳಿದಿತ್ತು, ನಾಲಗೆಯ ಒಂದು ಮೂಲೆಯಲ್ಲಿ ಎರಡು ಕೂದಲು ಅಂಟಿಕೊಂಡು ಕಾಗದ ತೂರುವಷ್ಟು ಸಂದು ಬಿಟ್ಟಿತ್ತು. ನಾಲಗೆಯನ್ನು ತೆಗೆದು ತೊಳೆದು ಮತ್ತೆ ಕೂರಿಸಿ, ಎರಡು ಚೊಂಬು ನೀರು ಹಾಕಿದ ಅರ್ಧ ಗಂಟೆಯಲ್ಲಿ ವಾಸನೆ ಹೋಯಿತು. ಈಗ ಹೆಚ್ಚು ದಿನ ಹೊರಗೆ ಹೋಗುವಾಗ ಟ್ರ್ಯಾಪಿಗೆ ನೀರು ತುಂಬಿ ಅದರ ಮೇಲೆ ಎರಡು ಚಮಚ ಮಿನರಲ್ ಆಯಿಲ್ ಬಿಡುತ್ತೇನೆ. ತೇಲುವ ಎಣ್ಣೆ ಆವಿಯಾಗುವುದನ್ನು ತಡೆಯುತ್ತದೆ. ನೆಲದ ಕೆಳಗೆ ಸಾಕಷ್ಟು ಆಳವಿರುವವರು ಎತ್ತರ ಉಳಿಸುವ ಆಸೆಗೆ ಬೀಳದೆ, 50 ಮಿಲಿಮೀಟರ್ ನೀರು ನಿಲ್ಲುವ ಟ್ರ್ಯಾಪ್ ಇರುವ ಮಾದರಿಯನ್ನೇ ಕೊಳ್ಳಬೇಕು. ನಮ್ಮಲ್ಲಿ 110 ಮಿಲಿಮೀಟರ್ ಜಾಗವಿತ್ತು. ಅದರಲ್ಲೇ ಪೈಪಿಗೂ ವಾಟ ಬೇಕಿದ್ದರಿಂದ ಬೇರೆ ಆಯ್ಕೆ ಇರಲಿಲ್ಲ.

ಎರಡನೆಯ ಕೊರತೆ ಚಾನೆಲ್ಲಿನ ಒಳತಳ. ಹೊರಗಿನ ನೆಲಕ್ಕೆ ಇಷ್ಟೆಲ್ಲ ಲೆಕ್ಕ ಹಾಕಿ ವಾಟ ಕೊಟ್ಟೆವು, ಆದರೆ ಚಾನೆಲ್ಲಿನ ತಳವೇ ಚಪ್ಪಟೆಯಾಗಿದೆ. ಸ್ನಾನ ಮುಗಿದ ಮೇಲೂ ಅದರ ಎರಡು ತುದಿಗಳಲ್ಲಿ ಎರಡು ಮೂರು ಮಿಲಿಮೀಟರ್ ನೀರು ನಿಂತೇ ಇರುತ್ತದೆ, ಸೋಪಿನ ಬಿಳಿ ಜಿಡ್ಡು ಅಲ್ಲಿ ತಳ ಹಿಡಿಯುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಂದಿಗೆ ಸೇರಿ ಆಗುವ ಈ ಜಿಡ್ಡು ಬರೀ ನೀರಿಗೆ ಹೋಗುವುದಿಲ್ಲ, ಬ್ರಷ್ ಬೇಕೇ ಬೇಕು. ಹತ್ತು ಹನ್ನೆರಡು ದಿನ ಬಿಟ್ಟರೆ ಆ ಜಿಡ್ಡಿನಲ್ಲಿ ಸಣ್ಣ ಬೂದು ಬಣ್ಣದ ಚರಂಡಿ ನೊಣಗಳು ಮೊಟ್ಟೆಯಿಡುತ್ತವೆ; ಒಮ್ಮೆ ಗೋಡೆಯ ಮೇಲೆ ಏಳೆಂಟು ಕಂಡು ಗಾಬರಿಯಾಗಿದ್ದೆವು. ತಳ ಎರಡೂ ಕಡೆಯಿಂದ ನಡುವಿನ ತೂತಿನ ಕಡೆಗೆ ಇಳಿಜಾರಾಗಿರುವ ಚಾನೆಲ್‌ಗಳು ಸಿಗುತ್ತವೆ. ಕೊಳ್ಳುವಾಗ ಮುಚ್ಚಳದ ಹೊಳಪನ್ನು ನೋಡದೆ, ಅದನ್ನು ತೆಗೆದು ಒಳತಳದ ಮೇಲೆ ಸ್ವಲ್ಪ ನೀರು ಬಿಟ್ಟು ನೋಡಬೇಕಿತ್ತು. ನಾನು ನೋಡಲಿಲ್ಲ.

ಉದ್ದದ ವಿಷಯದಲ್ಲೂ ಒಂದು ಮಾತು. 90 ಸೆಂಟಿಮೀಟರ್ ಗೋಡೆಗೆ 80 ಸೆಂಟಿಮೀಟರ್ ಚಾನೆಲ್ ಹಾಕಿದ್ದರಿಂದ ಎರಡು ಬದಿಯಲ್ಲಿ ಐದೈದು ಸೆಂಟಿಮೀಟರ್ ಟೈಲ್ ಉಳಿಯಿತು, ಆ ಎರಡು ಮೂಲೆಗಳು ಸ್ನಾನದ ನಂತರ ಎಲ್ಲಕ್ಕಿಂತ ಕೊನೆಗೆ ಒಣಗುತ್ತವೆ. ಗೋಡೆಯಿಂದ ಗೋಡೆಗೆ ಅಳತೆಗೆ ಕತ್ತರಿಸಿ ಕೊಡುವ ಮಾದರಿ ಸಿಕ್ಕರೆ ಅದೇ ಮೇಲು.

ಕೂರಿಸುವ ಕೆಲಸದಲ್ಲಿ ಎಲ್ಲಿ ಎಚ್ಚರ ತಪ್ಪಬಾರದು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಟೈಲ್ಸ್ ಮುಚ್ಚಿದ ಮೇಲೆ ಇದನ್ನು ನೋಡುವ ಅವಕಾಶವೇ ಇರುವುದಿಲ್ಲ. ಟೈಲ್ಸ್ ಮತ್ತು ಗ್ರೌಟ್ ನೀರನ್ನು ಪೂರ್ತಿ ತಡೆಯುತ್ತವೆ ಎಂದು ನಂಬಿದವರೇ ಹೆಚ್ಚು. ಸಿಮೆಂಟ್ ಗ್ರೌಟಿನ ಮೂಲಕ ನೀರು ನಿಧಾನವಾಗಿ ಕೆಳಗಿಳಿಯುತ್ತಲೇ ಇರುತ್ತದೆ; ಅದನ್ನು ನಿಜವಾಗಿ ತಡೆಯುವುದು ಕೆಳಗಿನ ವಾಟರ್‌ಪ್ರೂಫಿಂಗ್ ಪದರ. ಹಾಗಾಗಿ ವಾಟವನ್ನು ಟೈಲ್ಸ್ ಅಂಟಿಸುವಾಗ ಗಾರೆ ದಪ್ಪ ಮಾಡಿ ತರುವುದಲ್ಲ, ವಾಟರ್‌ಪ್ರೂಫಿಂಗ್ ಪದರದ ಕೆಳಗಿನ ಗಾರೆಯಲ್ಲೇ ತರಬೇಕು; ಇಲ್ಲವಾದರೆ ಇಳಿದ ನೀರು ಟೈಲ್ಸ್ ಕೆಳಗೆ ಮಟ್ಟವಾದ ಪದರದ ಮೇಲೆ ದಾರಿ ಕಾಣದೆ ಕೊಳೆಯುತ್ತದೆ. ಎರಡನೆಯದು, ಆ ಪದರ ಚಾನೆಲ್ಲಿನ ಸುತ್ತಲಿನ ಅಗಲ ಅಂಚಿನ ಮೇಲೆ ಬಂದು ಅಂಟಬೇಕು. ನಮ್ಮ ಪ್ಲಂಬರ್ ಚಾನೆಲ್ಲಿನ ಪಕ್ಕದವರೆಗೆ ಮಾತ್ರ ಬಳಿದು, ಉಳಿದ ಸಂದಿಗೆ ಸಿಲಿಕೋನ್ ತುಂಬಿದರೆ ಸಾಕೆಂದರು. ನಾನು ಒಪ್ಪದೆ, ಚಾನೆಲ್ ಜೊತೆ ಬಂದ ಜಾಳಿಗೆ ಬಟ್ಟೆಯ ಪಟ್ಟಿಯನ್ನು ಆ ಅಂಚಿನ ಮೇಲೆ ಮುಳುಗಿಸಿ, ಒಂದರ ಮೇಲೊಂದು ಎರಡು ಕೋಟ್ ಬಳಿಸಿದೆ. ಚಾನೆಲ್ ಸೋರಿ ಕೆಳಗಿನ ಛಾವಣಿಯಲ್ಲಿ ಒದ್ದೆ ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ಈ ಒಂದು ಕೂಡುಗೆರೆಯಿಂದ.

ಟೈಲ್ಸ್ ಹಾಕುವ ಮುಂಚೆ ಚಾನೆಲ್ಲಿನ ತೂತನ್ನು ರಬ್ಬರ್ ಬೆಣೆಯಿಂದ ಮುಚ್ಚಿ, ನೆಲದ ಮೇಲೆ ನೀರು ಕಟ್ಟಿ, ಗೋಡೆಯಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ 24 ಗಂಟೆ ಬಿಟ್ಟೆವು. ನೀರು ಗುರುತಿನಿಂದ ಇಳಿಯಲಿಲ್ಲ, ಕೆಳಗೆ ಒದ್ದೆ ಕಾಣಲಿಲ್ಲ. ಒಂದು ದಿನ ಕೆಲಸ ನಿಲ್ಲುತ್ತದೆಂದು ಕೆಲಸದವರು ಬೇಸರಪಟ್ಟರೂ ಈ ಪರೀಕ್ಷೆಯನ್ನು ಬಿಡಬೇಡಿ. ಅದಾದ ಮೇಲೆ, ಟೈಲ್ಸ್‌ಗೆ ಎಪಾಕ್ಸಿ ಗ್ರೌಟ್ (ಸಿಮೆಂಟಿನ ಬದಲು ರಾಳದಿಂದ ಮಾಡಿದ್ದು) ತುಂಬಿಸಿದೆವು. ಕಲೆ ಹಿಡಿಯುವುದು ಕಡಿಮೆಯಾಗಿದೆ, ನಸುಗೆಂಪು ಲೋಳೆ ಈ 14 ತಿಂಗಳಲ್ಲಿ ನೆಲದ ಮೇಲೆ ಒಮ್ಮೆಯೂ ಕಾಣಿಸಿಲ್ಲ. ಸ್ನಾನವಾದ ಹತ್ತು ಹದಿನೈದು ನಿಮಿಷಕ್ಕೆ ಆ ಎರಡು ಮೂಲೆಗಳನ್ನು ಬಿಟ್ಟು ಉಳಿದ ನೆಲ ಬರಿಗಾಲಿಗೆ ಒಣಗಿದಂತೆಯೇ ಇರುತ್ತದೆ, ತಾಯಿಯವರು ಈಗ ನಲ್ಲಿಯನ್ನು ಹಿಡಿಯದೆ ಒಳಗೆ ಹೋಗಿ ಬರುತ್ತಾರೆ.

ನಿರ್ವಹಣೆಗೆ ವಾರಕ್ಕೊಮ್ಮೆ ಹತ್ತು ನಿಮಿಷ ಬೇಕು. ಜೊತೆಗೆ ಬಂದ ಕೊಕ್ಕೆಯಿಂದ ಮುಚ್ಚಳ ಎತ್ತಿ, ಬುಟ್ಟಿಯಲ್ಲಿನ ಕೂದಲು ತೆಗೆದು, ಬಿಸಿನೀರು ಮತ್ತು ಪಾತ್ರೆ ತೊಳೆಯುವ ಸೋಪಿನಿಂದ ಒಳತಳವನ್ನು ಉಜ್ಜುತ್ತೇನೆ. ಈ ಹತ್ತು ನಿಮಿಷ ಕೊಡಲಾಗದವರಿಗೆ ಇದು ತಕ್ಕ ವಸ್ತುವಲ್ಲ. ಚೌಕದ ಜಾಲಿಗಿಂತ ಇದರಲ್ಲಿ ತೊಳೆಯಬೇಕಾದ ಜಾಗ ಹೆಚ್ಚು.

ಹಳೆಯ ನೆಲವನ್ನು ಒಡೆಸದೆ ಚಾನೆಲ್ ಮಾತ್ರ ಕೂರಿಸಿಕೊಡುತ್ತೇವೆ ಎನ್ನುವವರ ಮಾತಿಗೆ ಒಪ್ಪಬೇಡಿ. ವಾಟ ಬದಲಾಗದೆ ಜಾಲಿ ಬದಲಾದರೆ ನೀರು ನಿಂತಲ್ಲೇ ನಿಲ್ಲುತ್ತದೆ. ಸಣ್ಣ ಟೈಲ್ಸ್ ಹಾಕಲು ಮನಸ್ಸಿದ್ದು, ಎಲ್ಲ ಕಡೆಯಿಂದ ಜಾಲಿಗೆ ವಾಟ ಕೂಡಿಸಬಲ್ಲ ಮೇಸ್ತ್ರಿ ಸಿಕ್ಕರೆ, ಆಳವಾದ ಟ್ರ್ಯಾಪ್ ಇರುವ ಸಾಮಾನ್ಯ ಚೌಕದ ಜಾಲಿಯೇ ಸಾಕು. ಅಲ್ಲಿ ಚಾನೆಲ್ಲಿಗೆ ಹೆಚ್ಚಿನ ಹಣ ಹಾಕುವ ಅಗತ್ಯವಿಲ್ಲ. ದೊಡ್ಡ ಟೈಲ್ಸ್ ಬೇಕು, ನೆಲ ಹೇಗೂ ಒಡೆಯುತ್ತಿದೆ, ಮನೆಯಲ್ಲಿ ವಯಸ್ಸಾದವರಿದ್ದು ಶವರಿನ ಅಂಚಿಗೆ ಕಟ್ಟೆ ಇರಬಾರದು ಎನ್ನುವವರಿಗೆ ಚಾನೆಲ್ ಹಾಕಿಸಿ ಎಂದು ಧೈರ್ಯವಾಗಿ ಹೇಳುತ್ತೇನೆ. ನಾನು ಕೊಂಡ ಈ ಮಾದರಿಗೆ ಐದರಲ್ಲಿ ಮೂರೂವರೆ ಅಂಕ. ಒಳತಳ ಇಳಿಜಾರಾಗಿದ್ದು ಟ್ರ್ಯಾಪ್ ಆಳವಾಗಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ. ಇದನ್ನೇ ಕೊಳ್ಳುವುದಾದರೆ ಸಿಲಿಕೋನ್ ನಾಲಗೆ ಬಿಡಿಯಾಗಿ ಸಿಗುತ್ತದೆಯೇ ಎಂದು ಮೊದಲೇ ಕೇಳಿ, ಎರಡನ್ನು ಹೆಚ್ಚಿಗೆ ತರಿಸಿಟ್ಟುಕೊಳ್ಳಿ. ನಮ್ಮದರ ಅಂಚು ಈಗಾಗಲೇ ಸ್ವಲ್ಪ ಸುರುಟಿಕೊಳ್ಳಲು ಶುರುವಾಗಿದೆ.